ಗಾಳಿಗಾಗಿ ಕಾದವರ ಊರು

(ಭಾಷಣದ ಪಠ್ಯ)



ಬಂದರು ಊರೊಂದನ್ನು ನೋಡಲು ಎರಡು ದಾರಿಗಳಿವೆ. ಒಂದು ನೆಲದ ದಾರಿ. ಬಸ್ಸಿನಲ್ಲೋ ರೈಲಿನಲ್ಲೋ ಬಂದು, ವಸತಿಗೃಹದಲ್ಲಿ ಗಂಟುಮೂಟೆ ಇಳಿಸಿ, ಕೋಟೆ, ಅರಮನೆ, ಹಳೆಯ ಪೇಟೆಗಳನ್ನು ನೋಡಿ, ಸಂಜೆ ಕಡಲ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು ಹಿಂತಿರುಗುವುದು. ಇನ್ನೊಂದು ನೀರಿನ ದಾರಿ. ಹಾಯಿಹಡಗಿನಲ್ಲಿ ಬಂದು, ಊರಿನೆದುರು ಲಂಗರು ಹಾಕಿ, ಹಡಗಿನಲ್ಲೇ ಉಂಡು, ಹಡಗಿನಲ್ಲೇ ಮಲಗಿ, ಹಗಲು ಊರಿಗಿಳಿದು ರಾತ್ರಿ ಮತ್ತೆ ಹಡಗಿಗೆ ಮರಳುವುದು. ಮೊದಲನೆಯವನಿಗೆ ಊರು ಮುಗಿದಲ್ಲಿ ಸಮುದ್ರ ಶುರುವಾಗುತ್ತದೆ. ಎರಡನೆಯವನಿಗೆ ಸಮುದ್ರ ಮುಗಿದಲ್ಲಿ ಊರು ಶುರುವಾಗುತ್ತದೆ.

ಪೂರ್ವ ಆಫ್ರಿಕದ ಕರಾವಳಿಯಾಚೆಗಿನ ಜಾಂಜಿಬಾರ್ ದ್ವೀಪಕ್ಕೆ ಇಂದು ಹೋಗುವವರಲ್ಲಿ ಹೆಚ್ಚಿನವರು ಮೊದಲನೆಯ ಬಗೆಯವರು. ವಿಮಾನದಲ್ಲಿ ಇಳಿಯುತ್ತಾರೆ, ಇಲ್ಲವೇ ದಾರ್ ಎಸ್ ಸಲಾಮ್‌ನಿಂದ ವೇಗದ ಯಾಂತ್ರಿಕ ಹಡಗು ಹತ್ತಿ ಎರಡು ಗಂಟೆಯ ಆಸುಪಾಸಿನಲ್ಲಿ ತಲುಪುತ್ತಾರೆ. 'ಸ್ಟೋನ್ ಟೌನ್' ಎಂದು ಹೆಸರಾದ ಅಲ್ಲಿನ ಹಳೆಯ ಪಟ್ಟಣ 2000ದಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೆತ್ತನೆಯ ಬಾಗಿಲುಗಳು, ಇಕ್ಕಟ್ಟಾದ ಓಣಿಗಳು, ಸುಲ್ತಾನರ ಅರಮನೆ, ಎಲ್ಲವನ್ನೂ ಎರಡು ದಿನಗಳಲ್ಲಿ ನೋಡಿ ಮುಗಿಸಬಹುದು. ಆದರೆ ಆ ಊರು ಅಲ್ಲಿ ಏಕೆ ಹುಟ್ಟಿತು, ಅಷ್ಟು ಜನಾಂಗಗಳು ಅಲ್ಲಿ ಹೇಗೆ ಕಲೆತವು, ಅದರ ಸಿರಿವಂತಿಕೆಯ ಬೆಲೆಯನ್ನು ತೆತ್ತವರು ಯಾರು ಎಂಬ ಪ್ರಶ್ನೆಗಳಿಗೆ ಬಾಗಿಲುಗಳು ಉತ್ತರ ಹೇಳುವುದಿಲ್ಲ. ಅದಕ್ಕೆ ಎರಡನೆಯ ದಾರಿಯಲ್ಲಿ ಬಂದವನೊಬ್ಬನ ಅನುಭವ ನೆರವಾಗುತ್ತದೆ. 1939ರಲ್ಲಿ ಹಾಗೆ ಬಂದವನೊಬ್ಬನ ಹೆಸರು ಆಲನ್ ವಿಲಿಯರ್ಸ್.

ಹಾಯಿಹಡಗಿನ ಹುಚ್ಚು

ವಿಲಿಯರ್ಸ್ ಹುಟ್ಟಿದ್ದು 1903ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಹುಡುಗನಾಗಿದ್ದಾಗಲೇ ಹಡಗು ಸೇರಿದ. ಆ ವೇಳೆಗೆ ಉಗಿಹಡಗುಗಳ ಕಾಲ ಬಂದಾಗಿತ್ತು. ಯುರೋಪಿನ ದೊಡ್ಡ ಹಾಯಿಹಡಗುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದವು. ಅವು ಪೂರ್ತಿ ಕಣ್ಮರೆಯಾಗುವ ಮೊದಲು ಅವುಗಳ ಬದುಕನ್ನು ಬರಹದಲ್ಲೂ ಛಾಯಾಚಿತ್ರದಲ್ಲೂ ಉಳಿಸಬೇಕೆಂಬುದು ವಿಲಿಯರ್ಸ್‌ನ ಹಟ. 1934ರಲ್ಲಿ 'ಜೋಸೆಫ್ ಕಾನ್ರಾಡ್' ಎಂಬ ಹಾಯಿಹಡಗನ್ನು ಕೊಂಡು, ಎರಡು ವರ್ಷಗಳಲ್ಲಿ ಭೂಮಿಯನ್ನೇ ಸುತ್ತಿ ಬಂದ. ಆ ಯಾನ ಅವನ ಕೈ ಬರಿದು ಮಾಡಿತು, ಹಡಗನ್ನು ಮಾರಬೇಕಾಯಿತು.

ಯುರೋಪಿನಲ್ಲಿ ಹಾಯಿಯ ಕಾಲ ಮುಗಿಯಿತು ಎನ್ನುವಾಗ ಅವನ ಕಣ್ಣು ಅರಬ್ಬೀ ಸಮುದ್ರದ ಕಡೆ ಹೊರಳಿತು. ಯಂತ್ರವಿಲ್ಲದೆ, ಕೇವಲ ಗಾಳಿಯನ್ನು ನಂಬಿ, ವ್ಯಾಪಾರಕ್ಕೆಂದೇ ಸಾವಿರಾರು ಮೈಲಿ ಓಡಾಡುವ ಹಡಗುಗಳು ಅಲ್ಲಿ ಇನ್ನೂ ಇದ್ದವು. ಯುರೋಪಿನವರು ಇವೆಲ್ಲಕ್ಕೂ ಸೇರಿಸಿ 'ಧೌ' ಎಂದು ಹೆಸರಿಟ್ಟಿದ್ದರು. ಹಡಗಿನವರ ಬಾಯಲ್ಲಿ ಮಾತ್ರ ಒಂದೊಂದು ಆಕಾರಕ್ಕೆ ಒಂದೊಂದು ಹೆಸರು: ಬೂಮ್, ಬಗ್ಲಾ, ಸಂಬೂಕ್, ಕೋಟಿಯಾ.

1938ರ ಡಿಸೆಂಬರಿನಲ್ಲಿ ವಿಲಿಯರ್ಸ್ ಏಡನ್ ಬಂದರಿನಲ್ಲಿ 'ಬಯಾನ್' ಎಂಬ ಕುವೈತಿನ ಬೂಮ್ ಹತ್ತಿದ. ಅದರ ನಾಖುದಾ, ಎಂದರೆ ಕಪ್ತಾನ, ಅಲಿ ಬಿನ್ ನಾಸಿರ್ ಅಲ್ ನಜ್ದಿ. ಎರಡು ಕೂವೆಮರ, ಅವುಗಳಿಗೆ ಕಟ್ಟಿದ ದೊಡ್ಡ ತ್ರಿಕೋನಾಕಾರದ ಹಾಯಿಗಳು. ಎಂಜಿನ್ ಇಲ್ಲ. ಮುಂದಿನ ಆರು ತಿಂಗಳು ಇದೇ ಅವನ ಮನೆ. ಅರೇಬಿಯದ ದಕ್ಷಿಣ ತೀರದ ಮುಕಲ್ಲಾ, ಶಿಹ್ರ್, ಆಗ ಇಟಲಿಯ ಆಡಳಿತದಲ್ಲಿದ್ದ ಮೊಗದಿಶು, ಮೊಂಬಾಸ, ಜಾಂಜಿಬಾರ್, ಆಮೇಲೆ ರುಫಿಜಿ ನದಿಯ ಅಳಿವೆ, ಅಲ್ಲಿಂದ ಮಸ್ಕತ್ ಮಾರ್ಗವಾಗಿ ಕುವೈತ್. 1940ರಲ್ಲಿ ಪ್ರಕಟವಾದ ಅವನ 'ಸನ್ಸ್ ಆಫ್ ಸಿಂದ್‌ಬಾದ್' ಪುಸ್ತಕ ಈ ಯಾನದ ಕಥೆ.

ಹಡಗೇ ಮನೆ

ಹಡಗಿನಲ್ಲಿ ವಾಸವೆಂದರೆ ಕೋಣೆ, ಹಾಸಿಗೆ, ಊಟದ ಮೇಜು ಎಂದು ಯಾರಾದರೂ ಕಲ್ಪಿಸಿಕೊಂಡರೆ ಅದು ತಪ್ಪು. 'ಬಯಾನ್'ನಲ್ಲಿ ವಿಲಿಯರ್ಸ್‌ಗೆ ಸಿಕ್ಕಿದ್ದು ಹಿಂಭಾಗದ ಎತ್ತರದ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಕಾಲು ಚಾಚುವಷ್ಟು ಉದ್ದದ ಒಂದು ಬೆಂಚು. ಹಗಲು ಅದೇ ಕೂರುವ ಜಾಗ, ರಾತ್ರಿ ಅದೇ ಮಲಗುವ ಜಾಗ. ಖಲಾಸಿಗಳಿಗೆ ಅದೂ ಇಲ್ಲ. ಹಗ್ಗ, ಮೂಟೆ, ಪೆಟ್ಟಿಗೆಗಳ ನಡುವೆ ಎಲ್ಲಿ ತೆರಪು ಕಂಡರೆ ಅಲ್ಲಿ ಮೈಚಾಚುವುದು.

ಅಡುಗೆ ಮರಳು ತುಂಬಿದ ಪೆಟ್ಟಿಗೆಯ ಮೇಲಿನ ಸೌದೆಯ ಒಲೆಯಲ್ಲಿ. ಮರದ ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ, ಅದಕ್ಕೇ ಮರಳು. ಅನ್ನ, ಮೀನು, ಖರ್ಜೂರ, ಹುಳಿ ಬರಿಸದ ರೊಟ್ಟಿ, ಸ್ವಲ್ಪ ತುಪ್ಪ, ಚಹಾ. ಎಲ್ಲರೂ ಒಂದೇ ಹರಿವಾಣದ ಸುತ್ತ ಕುಳಿತು ಬಲಗೈಯಿಂದ ಉಣ್ಣುವುದು. ಕುಡಿಯುವ ನೀರು ಮರದ ತೊಟ್ಟಿಯಲ್ಲಿ; ಮುಂದಿನ ಬಂದರಿನವರೆಗೆ ಅಷ್ಟೇ. ಶೌಚಕ್ಕೆ ಹಡಗಿನ ಪಕ್ಕಕ್ಕೆ, ಸಮುದ್ರದ ಮೇಲೆ ತೂಗುವಂತೆ ಕಟ್ಟಿದ ಮರದ ಗೂಡು. ದಿನಕ್ಕೆ ಐದು ಸಲ ನಮಾಜು. ಹಾಯಿ ಏರಿಸುವಾಗ, ಲಂಗರು ಎತ್ತುವಾಗ ಹಾಡು. ಅದು ಮನರಂಜನೆಗಲ್ಲ; ಹತ್ತಾರು ಕೈಗಳು ಒಂದೇ ತಾಳಕ್ಕೆ ಹಗ್ಗ ಜಗ್ಗಬೇಕಾದರೆ ಹಾಡು ಬೇಕು.

ಅರೇಬಿಯದ ದಕ್ಷಿಣ ತೀರದಲ್ಲಿ ನೂರಕ್ಕೂ ಹೆಚ್ಚು ಪ್ರಯಾಣಿಕರು ಹತ್ತಿದರು. ಬರಡು ನೆಲದ ಹದ್ರಮೌತ್ ಪ್ರದೇಶದಿಂದ ಆಫ್ರಿಕಕ್ಕೆ ಹೊಟ್ಟೆಪಾಡಿಗೆ ಹೊರಟ ಬಡವರು. ಗಂಡಸರಿಗೆ ಬಿಸಿಲು ಗಾಳಿಗೆ ಮೈಯೊಡ್ಡಿದ ಬಯಲು. ಹೆಂಗಸರು, ಮಕ್ಕಳು ಮಾತ್ರ ಹಿಂಭಾಗದ ಕಟ್ಟೆಯ ಕೆಳಗಿನ ಕತ್ತಲ ಕೋಣೆಯಲ್ಲಿ. ದಿನಗಟ್ಟಲೆ ಅವರು ಅಲ್ಲಿಂದ ಮೇಲಕ್ಕೆ ಬರುವಂತಿರಲಿಲ್ಲ. ವಿಲಿಯರ್ಸ್ ಮಲಗುತ್ತಿದ್ದುದು ಆ ಕೋಣೆಯ ನೆತ್ತಿಯ ಮೇಲೆ. ಆದರೂ ಅವರು ಅವನಿಗೆ ಅಪರಿಚಿತರಾಗಿಯೇ ಉಳಿದರು. ಅವನ ಪುಸ್ತಕವನ್ನು ಓದುವಾಗ ಇದನ್ನು ಮರೆಯಬಾರದು. ಹಡಗಿನ ಬದುಕಿನ ಅತ್ಯಂತ ನಿಕಟವಾದ ವರದಿಯಲ್ಲೂ ಅರ್ಧ ಕಥೆ ಮುಚ್ಚಿದ ಬಾಗಿಲಿನ ಹಿಂದೆಯೇ ಇದೆ.

ನಾಖುದಾನ ಬಳಿ ದಿಕ್ಸೂಚಿ ಇತ್ತು. ಅದಕ್ಕಿಂತ ಮುಖ್ಯವಾಗಿ ಕರಾವಳಿ ಅವನಿಗೆ ಕಂಠಪಾಠವಾಗಿತ್ತು. ಯಾವ ಗುಡ್ಡ ಕಂಡರೆ ಎಷ್ಟು ದೂರದಲ್ಲಿ ಬಂಡೆ, ನೀರಿನ ಬಣ್ಣ ಬದಲಾದರೆ ಕೆಳಗೆ ಏನು, ಎಲ್ಲಿ ಗಾಳಿ ತಿರುಗುತ್ತದೆ, ಇವೆಲ್ಲ ಅವನ ಕಣ್ಣು ಕಿವಿಗಳಲ್ಲೇ ಇದ್ದವು. ಪಾಶ್ಚಾತ್ಯ ಹಡಗುಗಳಲ್ಲಿ ಪಳಗಿದ್ದ ವಿಲಿಯರ್ಸ್, ನಜ್ದಿಯ ಈ ವಿದ್ಯೆಗೆ ತಲೆಬಾಗಿದ.

ಗಾಳಿಯ ಪಂಚಾಂಗ

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಇಂಥ ಹಡಗುಗಳು ಜಾಂಜಿಬಾರಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಏಕೆ ನಿಲ್ಲುತ್ತಿದ್ದವು?

ಉತ್ತರ ಗಾಳಿಯಲ್ಲಿದೆ. ನವೆಂಬರಿನಿಂದ ಮಾರ್ಚಿಯವರೆಗೆ ಅರಬ್ಬೀ ಸಮುದ್ರದ ಮೇಲೆ ಈಶಾನ್ಯ ದಿಕ್ಕಿನಿಂದ ಗಾಳಿ ಬೀಸುತ್ತದೆ. ಅರೇಬಿಯ, ಗುಜರಾತ್, ಕೊಂಕಣ, ಮಲಬಾರುಗಳಿಂದ ಹೊರಟ ಹಡಗನ್ನು ಅದು ಆಫ್ರಿಕದ ಕಡೆಗೆ ತಳ್ಳುತ್ತದೆ. ಏಪ್ರಿಲ್ ಬಂತೆಂದರೆ ಗಾಳಿ ತಿರುಗಿ, ತೆಂಕಣದಿಂದ, ನೈಋತ್ಯದಿಂದ ಬೀಸಲು ತೊಡಗಿ, ಅದೇ ಹಡಗನ್ನು ಮನೆಗೆ ಕರೆತರುತ್ತದೆ. ಸ್ವಾಹಿಲಿ ಭಾಷೆಯಲ್ಲಿ ಮೊದಲನೆಯ ಗಾಳಿ 'ಕಸ್ಕಜಿ', ಎರಡನೆಯದು 'ಕುಸಿ'. ಹೋಗುವ ಗಾಳಿಗೂ ಬರುವ ಗಾಳಿಗೂ ನಡುವೆ ಬಿಡುವು ಉಂಟು. ಆ ಬಿಡುವಿನಲ್ಲಿ ಯಾವ ನಾಖುದಾನೂ, ಎಷ್ಟೇ ಸಿರಿವಂತನಾಗಿರಲಿ, ಹೊರಡಲಾರ. ಕಾಯಲೇಬೇಕು.

ಕನ್ನಡ ಕರಾವಳಿಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಹಾಯಿದೋಣಿಗಳನ್ನು ದಡಕ್ಕೆಳೆದು ಮಡಲಿನ ಚಪ್ಪರ ಹಾಕಿ ಮುಚ್ಚುವುದು ತಲೆಮಾರುಗಳ ರೂಢಿ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನ ಉಳಿಯಲೆಂದು ಮಾಡಿದ ನಿಯಮ ಇದು. ಆದರೂ ಸಮುದ್ರದ ಹಳೆಯ ಪಂಚಾಂಗದ ನೆರಳು ಅದರಲ್ಲಿದೆ.

ಈ ಕಾಯುವಿಕೆಯೇ ಹಿಂದೂ ಮಹಾಸಾಗರದ ಬಂದರುಗಳನ್ನು ಕಟ್ಟಿತು ಎಂದರೆ ಅತಿಶಯೋಕ್ತಿಯಾಗದು. ಸರಕು ಇಳಿಸಿ ಮರುದಿನವೇ ಹೊರಡುವುದಾದರೆ ಊರಿನವರ ಪರಿಚಯವೇ ಬೇಕಾಗಿಲ್ಲ. ಮೂರು ತಿಂಗಳು ನಿಲ್ಲಬೇಕಾದರೆ ಅನ್ನ ನೀರು ಬೇಕು, ಸಾಲ ಕೊಡುವವನು ಬೇಕು, ಕಾಯಿಲೆ ಬಿದ್ದರೆ ನೋಡುವವರು ಬೇಕು, ಜಗಳವಾದರೆ ತೀರ್ಪು ಹೇಳುವವರು ಬೇಕು. 1331ರ ಸುಮಾರಿಗೆ ಇದೇ ತೀರದಲ್ಲಿ ಪಯಣಿಸಿದ ಇಬ್ನ್ ಬತೂತ ಮೊಗದಿಶುವಿನ ಒಂದು ಪದ್ಧತಿಯನ್ನು ದಾಖಲಿಸಿದ್ದಾನೆ. ಹಡಗು ಬಂದ ಕೂಡಲೇ ಊರಿನ ತರುಣರು ಚಿಕ್ಕ ದೋಣಿಗಳಲ್ಲಿ, ಮುಚ್ಚಿದ ತಟ್ಟೆಯಲ್ಲಿ ಊಟ ಹಿಡಿದು ಎದುರಾಗುತ್ತಿದ್ದರು. ಯಾವ ವರ್ತಕನ ಮುಂದೆ ತಟ್ಟೆ ಇಟ್ಟರೋ ಅವನು ಅವರ ಮನೆಯ ಅತಿಥಿ; ಅವನ ವ್ಯಾಪಾರವೆಲ್ಲ ಆ ಮನೆಯವರ ಮೂಲಕ. ಆತಿಥ್ಯವೂ ಹೌದು, ದಲ್ಲಾಳಿಯೂ ಹೌದು. ಇದೇ ಇಬ್ನ್ ಬತೂತ ಮುಂದೆ ಹೊನ್ನಾವರ, ಮಂಗಳೂರುಗಳನ್ನೂ ಕಂಡು ಬರೆದ.

ಕಾದು ಕುಳಿತವರು ಊರಿನ ಮಾತು ಕಲಿತರು, ಕೆಲವರು ಅಲ್ಲೇ ಮದುವೆಯಾದರು, ಕೆಲವರು ಅಲ್ಲೇ ನಿಂತರು. ಹೀಗೆ ಆಫ್ರಿಕದ ಬಂಟು ಬುಡದ ಮೇಲೆ ಅರಬ್ಬಿ, ಪಾರಸಿ, ಭಾರತೀಯ ಶಬ್ದಗಳು ಕಸಿಯಾಗಿ ಬೆಳೆದ ಭಾಷೆ ಸ್ವಾಹಿಲಿ. ಆ ಹೆಸರಿನ ಮೂಲವೇ 'ಕರಾವಳಿ' ಎಂಬ ಅರ್ಥದ ಅರಬ್ಬಿ ಶಬ್ದ. ಸ್ವಾಹಿಲಿಯಲ್ಲಿ ಬಂದರಿಗೆ 'ಬಂದರಿ', ಅಂಗಡಿಗೆ 'ದುಕಾ', ಹಣಕ್ಕೆ 'ಪೇಸ', ಬಣ್ಣಕ್ಕೆ 'ರಂಗಿ', ಸರ್ಕಾರಕ್ಕೆ 'ಸೆರಿಕಾಲಿ', ಕಪ್ತಾನನಿಗೆ 'ನಹೋದ'. ಈ ಮಾತುಗಳಲ್ಲಿ ಹೆಚ್ಚಿನವು ಕನ್ನಡಿಗನ ಕಿವಿಗೂ ಹೊಸವಲ್ಲ.

ನೀರಿನಿಂದ ಕಂಡ ಊರು

ಈಗ ಜಾಂಜಿಬಾರಿನ ಎದುರು ಲಂಗರು ಹಾಕಿದ ಹಡಗಿನ ಮೇಲೆ ನಿಂತು ಊರನ್ನು ನೋಡಿ. ಮೊದಲು ಕಾಣುವುದು ಒಂದು ಸಾಲು: ಒಮಾನಿಗಳು ಪೋರ್ಚುಗೀಸರನ್ನು ಓಡಿಸಿದ ಮೇಲೆ ಕಟ್ಟಿದ ಕೋಟೆ, ಸುಲ್ತಾನನ ಅರಮನೆ, ಅದರ ಪಕ್ಕದಲ್ಲಿ 1883ರಲ್ಲಿ ಸುಲ್ತಾನ್ ಬರ್ಗಾಶ್ ಕಟ್ಟಿಸಿದ 'ಬೇತ್ ಅಲ್ ಅಜಾಯಿಬ್', ಎಂದರೆ ಅಚ್ಚರಿಗಳ ಮನೆ. ಎಲ್ಲವೂ ಸಮುದ್ರಕ್ಕೆ ಮುಖ ಮಾಡಿವೆ. ನೆಲದಿಂದ ಬಂದವನಿಗೆ ಇದು ಸುಂದರ ದೃಶ್ಯ. ನೀರಿನಿಂದ ಬಂದವನಿಗೆ ಅರ್ಥ ಬೇರೆ: ಈ ಊರನ್ನು ಆಳಿದವರಿಗೆ ಆದಾಯ ಬರುತ್ತಿದ್ದುದು ಸಮುದ್ರದಿಂದ, ಅಪಾಯ ಬರುತ್ತಿದ್ದುದೂ ಸಮುದ್ರದಿಂದ. 1896ರ ಆಗಸ್ಟ್ 27ರಂದು ಬ್ರಿಟಿಷ್ ಯುದ್ಧನೌಕೆಗಳು ಇದೇ ಸಾಲಿನ ಮೇಲೆ ಗುಂಡು ಸುರಿಸಿದವು. ಮುಕ್ಕಾಲು ಗಂಟೆಯೊಳಗೆ ಯುದ್ಧವೇ ಮುಗಿಯಿತು.

ಒಮಾನದ ಸುಲ್ತಾನ ಸೈಯದ್ ಸಯೀದ್ 1840ರ ಹೊತ್ತಿಗೆ ತನ್ನ ರಾಜಧಾನಿಯನ್ನೇ ಮಸ್ಕತ್‌ನಿಂದ ಇಲ್ಲಿಗೆ ತಂದಿದ್ದ. ಲವಂಗದ ತೋಟಗಳು, ಒಳನಾಡಿನಿಂದ ಬರುವ ಆನೆದಂತ, ಇವೆರಡೂ ಕಾರಣ. ಎರಡು ದೇಶಗಳನ್ನು ಆಳಿದ ಆತ 1856ರಲ್ಲಿ ಸತ್ತದ್ದು ಯಾವ ಅರಮನೆಯಲ್ಲೂ ಅಲ್ಲ. ಒಮಾನದಿಂದ ಜಾಂಜಿಬಾರಿಗೆ ಮರಳುವಾಗ, ಹಡಗಿನಲ್ಲಿ.

1939ರಲ್ಲಿ ಈ ನೀರಿನಲ್ಲಿ ನಿಂತಿದ್ದದ್ದು 'ಬಯಾನ್' ಒಂದೇ ಅಲ್ಲ. ಕುವೈತ್, ಒಮಾನ್, ಇರಾನ್, ಕಛ್ ಕಡೆಯ ಹಡಗುಗಳಿಗೂ ಅದೇ ಗಾಳಿ, ಅದೇ ಬಿಡಾರ. ಇಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ನಾಲ್ಕು ಮೀಟರಿನವರೆಗೂ ಹೋಗುತ್ತದೆ. ಉಬ್ಬರದಲ್ಲಿ ಹಡಗನ್ನು ದಂಡೆಗೆ ತಂದು, ಇಳಿತದಲ್ಲಿ ನೀರು ಸರಿದಾಗ ತಳ ಕೆರೆದು, ಸುಣ್ಣಕ್ಕೆ ಕೊಬ್ಬು ಕಲಸಿ ಮೆತ್ತುತ್ತಿದ್ದರು. ಮರ ಕೊರೆಯುವ ಹುಳುವಿಗೆ ಅದು ಮದ್ದು. ನೀರಿನ ಮೇಲಿನ ಭಾಗಕ್ಕೆ ಮೀನೆಣ್ಣೆ. ಆ ನಾತ ಒಂದು ಕಡೆ, ಉಗ್ರಾಣಗಳ ಲವಂಗದ ಘಮ ಇನ್ನೊಂದು ಕಡೆ.

ಖಲಾಸಿಗಳಿಗೂ ಸಣ್ಣಪುಟ್ಟ ವ್ಯಾಪಾರವಿತ್ತು. ಪ್ರತಿಯೊಬ್ಬನಿಗೂ ಒಂದು ಮರದ ಪೆಟ್ಟಿಗೆ. ಅದರಲ್ಲಿ ತಾನೇ ತಂದ ಒಂದಿಷ್ಟು ಸಾಮಾನು. ಅದನ್ನು ಓಣಿಗಳಲ್ಲಿ ಹೊತ್ತು ಮಾರಿ ನಾಲ್ಕು ಕಾಸು ಕಾಣುವುದು. ನಾಖುದಾಗಳು ವರ್ತಕರ ಮನೆಗಳಲ್ಲಿ ಕಾಫಿ ಕುಡಿಯುತ್ತ ಬೆಲೆಗಳ ಸುದ್ದಿ ಕೇಳುವರು. ಯಾವ ಬಂದರಿನಲ್ಲಿ ಯಾವ ಸರಕಿಗೆ ಗಿರಾಕಿ ಎಂಬುದು ಪತ್ರಿಕೆಯಲ್ಲಿ ಬರುವ ಸುದ್ದಿಯಲ್ಲ. ಹೀಗೆ ಕುಳಿತು ಆಡಿದ ಮಾತಿನಲ್ಲೇ ಹುಟ್ಟುವುದು. ಹಡಗಿನಲ್ಲಿದ್ದವನಿಗೆ ಮಾತ್ರ ಗೊತ್ತಾಗುವ ಸಂಗತಿ ಇದು: ಹೊರನೋಟಕ್ಕೆ ಸೋಮಾರಿತನದಂತೆ ಕಾಣುವ ಈ ಕಾಲಹರಣವೇ ಬಂದರಿನ ನಿಜವಾದ ಕಸುಬು.

ಊರಿನ ಒಳಹೊಕ್ಕರೆ, ಬಾಗಿಲುಗಳಲ್ಲೂ ಹಡಗಿನ ಗುರುತು ಇದೆ. ಮೇಲ್ಭಾಗ ಚೌಕವಾಗಿದ್ದರೆ ಅರಬ್ಬಿ ಶೈಲಿ, ಕಮಾನಾಗಿದ್ದರೆ ಗುಜರಾತಿ ಶೈಲಿ. ಹಿತ್ತಾಳೆಯ ಮೊಳೆಗಳು ಭಾರತದ ಕಡೆಯ ರೂಢಿ. ಗೋಡೆಗಳು ಹವಳದ ಕಲ್ಲಿನವು. ಮಾಳಿಗೆಗೆ ಹಾಸಿದ್ದು ಕಾಂಡ್ಲಾ ಮರದ ಗಳುಗಳು. ಕೋಣೆಗಳು ಉದ್ದವಾಗಿದ್ದರೂ ಅಗಲ ಕಡಿಮೆ. ಕಾರಣ ಸರಳ. ಕಾಂಡ್ಲಾ ಗಳುವಿನ ಉದ್ದ ಸುಮಾರು ಹತ್ತು ಅಡಿ. ಅದು ಎಷ್ಟು ದೂರ ತಲುಪುತ್ತದೋ ಅಷ್ಟೇ ಕೋಣೆಯ ಅಗಲ. ಮರವಿಲ್ಲದ ಕುವೈತ್, ಬಹರೈನ್‌ಗಳ ಹಳೆಯ ಮನೆಗಳ ಅಳತೆಯೂ ಇದೇ. ಏಕೆಂದರೆ ಅಲ್ಲಿನ ಮಾಳಿಗೆಗೂ ಗಳು ಹೋಗುತ್ತಿದ್ದುದು ಆಫ್ರಿಕದ ಈ ತೀರದ ಅಳಿವೆಗಳಿಂದಲೇ, 'ಬಯಾನ್'ನಂಥ ಹಡಗುಗಳ ಹೊಟ್ಟೆಯಲ್ಲಿ.

ನೆರಳಿನ ಭಾಗ

ಹಾಯಿಹಡಗಿನ ಕಥೆಯನ್ನು ಸೊಗಸಾಗಿ ಹೇಳುತ್ತ ಹೋದರೆ ಒಂದು ಅಪಾಯವುಂಟು. ಲವಂಗ ಸಾಗಿಸಿದ ಗಾಳಿಯೇ ಮನುಷ್ಯರನ್ನೂ ಸಾಗಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಂಜಿಬಾರ್ ಪೂರ್ವ ಆಫ್ರಿಕದ ದೊಡ್ಡ ಗುಲಾಮರ ಪೇಟೆ. ಒಳನಾಡಿನಲ್ಲಿ ಹಿಡಿದ ಗಂಡಸರು, ಹೆಂಗಸರು, ಮಕ್ಕಳನ್ನು ಇಂಥವೇ ಧೌಗಳಲ್ಲಿ ತುಂಬಿ ತರುತ್ತಿದ್ದರು. ಲವಂಗದ ತೋಟಗಳಲ್ಲಿ ದುಡಿದವರೂ ಅವರೇ. 1873ರಲ್ಲಿ ಬ್ರಿಟಿಷರ ಒತ್ತಡಕ್ಕೆ ಮಣಿದು ಬರ್ಗಾಶ್ ಪೇಟೆಯನ್ನು ಮುಚ್ಚಿದ. ಆ ಜಾಗದಲ್ಲಿ ಈಗ ಆಂಗ್ಲಿಕನ್ ಇಗರ್ಜಿ ನಿಂತಿದೆ. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು ಇನ್ನೂ ತಡವಾಗಿ, 1897ರಲ್ಲಿ.

ಇದರಲ್ಲಿ ಭಾರತೀಯರ ಪಾಲನ್ನು ಮುಚ್ಚಿಡುವಂತಿಲ್ಲ. ಜಾಂಜಿಬಾರಿನ ಸುಂಕದ ಕಟ್ಟೆಯನ್ನು ಸುಲ್ತಾನರಿಂದ ಗುತ್ತಿಗೆ ಹಿಡಿದು ಬಹುಕಾಲ ನಡೆಸಿದ್ದು ಕಛ್ ಮೂಲದ ಭಾಟಿಯಾ ವರ್ತಕ ಜೈರಾಮ್ ಶಿವಜಿಯ ಕೋಠಿ. ದಂತಕ್ಕಾಗಿ, ಗುಲಾಮರಿಗಾಗಿ ಒಳನಾಡಿಗೆ ಹೊರಟ ದಂಡುಗಳಿಗೆ ಬಂಡವಾಳ ಒದಗಿಸಿದವರಲ್ಲಿ ಭಾರತೀಯ ಸಾಹುಕಾರರೂ ಇದ್ದರು. ಬಾಗಿಲಿನ ಹಿತ್ತಾಳೆ ಮೊಳೆಯನ್ನು ಮೆಚ್ಚುವಾಗ ಇದೂ ನೆನಪಿರಬೇಕು.

1939ರ ಹೊತ್ತಿಗೆ ಗುಲಾಮರ ಪೇಟೆ ಇರಲಿಲ್ಲ. ಆದರೆ ವಿಲಿಯರ್ಸ್ ತನ್ನ ಸಹವಾಸಿಗಳ ಬದುಕಿನಲ್ಲಿ ಬೇರೊಂದು ಕಟ್ಟನ್ನು ಕಂಡ. ಅದು ಸಾಲ. ಖಲಾಸಿಗೆ ತಿಂಗಳ ಸಂಬಳವಿಲ್ಲ. ಯಾನ ಮುಗಿದ ಮೇಲೆ, ಖರ್ಚು ಕಳೆದು ಉಳಿದ ಗಳಿಕೆಯಲ್ಲಿ ಪಾಲು. ಹೊರಡುವ ಮೊದಲು ಮನೆಯವರ ಹೊಟ್ಟೆಗೆಂದು ನಾಖುದಾನಿಂದ ಮುಂಗಡ. ನಾಖುದಾನಿಗೆ ಹಣ ವರ್ತಕನಿಂದ. ಹಡಗಿನ ಮೇಲೂ ವರ್ತಕನ ಸಾಲ. ಪಾಲು ಬಂದಾಗ ಅದು ಹಳೆಯ ಮುಂಗಡಕ್ಕೇ ಸಾಲದು. ಹೊಸ ಮುಂಗಡ ತೆಗೆದು ಮತ್ತೆ ಸಮುದ್ರಕ್ಕೆ. ಮುತ್ತು ಹೆಕ್ಕುವ ಮುಳುಗುಗಾರರ ಸಾಲವಂತೂ ತಂದೆ ಸತ್ತರೆ ಮಗನ ತಲೆಗೆ ಬರುತ್ತಿತ್ತು. ಈ ಲೆಕ್ಕವೆಲ್ಲ ನಡೆಯುತ್ತಿದ್ದುದು ಭಾರತದ ರೂಪಾಯಿಯಲ್ಲಿ. ಕುವೈತಿನಲ್ಲಿ ರೂಪಾಯಿಯ ಚಲಾವಣೆ 1961ರವರೆಗೂ ಇತ್ತು.

ರುಫಿಜಿ ಅಳಿವೆಯಲ್ಲಿ ಈ ಖಲಾಸಿಗಳ ಪಾಡು ವಿಲಿಯರ್ಸ್‌ನ ಕಣ್ಣಿಗೆ ಕಟ್ಟಿತು. ಜಾಂಜಿಬಾರಿನಲ್ಲಿ ಸರಕು ಇಳಿಸಿದ ಹಡಗು ಹಿಂದಿರುಗುವ ಯಾನಕ್ಕೆ ಕಾಂಡ್ಲಾ ಗಳು ತುಂಬಿಕೊಳ್ಳಲು ಅಲ್ಲಿಗೆ ಹೋಯಿತು. ಕೆಸರು, ಸೊಳ್ಳೆ, ಜ್ವರ, ಸೆಕೆ. ಕಡಿದ ಗಳುಗಳನ್ನು ಉಬ್ಬರದ ನೀರಿನಲ್ಲಿ ತಂದು ಹಡಗಿಗೆ ಹೇರಬೇಕು. ವಾರಗಟ್ಟಲೆ ಅದೇ ಕೆಲಸ. ಸಮುದ್ರದ ಮೇಲೆ ರಾಜಕುಮಾರರಂತೆ ಹಾಡುತ್ತಿದ್ದವರು ಕೆಸರಿನಲ್ಲಿ ಸೊರಗಿದರು. ಕುವೈತಿನ ಸಾಹುಕಾರನ ಮನೆಯ ಮಾಳಿಗೆಯಲ್ಲಿ ಒಪ್ಪವಾಗಿ ಸಾಲುಗೂಡಿದ ಗಳುಗಳ ಹಿಂದೆ ಈ ಜ್ವರವಿದೆ.

ಕೊನೆಗಂಡ ಹಾಯಿ

1939ರ ಜೂನಿನಲ್ಲಿ 'ಬಯಾನ್' ಕುವೈತ್ ಮುಟ್ಟಿತು. ಅದಕ್ಕೆ ಒಂದು ವರ್ಷ ಹಿಂದೆ, 1938ರ ಫೆಬ್ರವರಿಯಲ್ಲಿ, ಕುವೈತಿನ ಬುರ್ಗಾನ್ ಎಂಬಲ್ಲಿ ಎಣ್ಣೆ ಸಿಕ್ಕಿತ್ತು. ಯುದ್ಧ ಮುಗಿದು 1946ರಲ್ಲಿ ಎಣ್ಣೆಯ ರಫ್ತು ಶುರುವಾದದ್ದೇ ತಡ, ಖಲಾಸಿಗಳಿಗೆ ನೆಲದ ಮೇಲೆ ತಿಂಗಳ ಸಂಬಳದ ಕೆಲಸ ಸಿಕ್ಕಿತು. ಸಾಲಕ್ಕೆ ಸಿಕ್ಕಿಬಿದ್ದ ಮನುಷ್ಯ ಸಂಬಳ ಕಂಡ ಮೇಲೆ ಹಾಯಿಹಗ್ಗ ಹಿಡಿಯಲು ಏಕೆ ಮರಳುತ್ತಾನೆ? ಹಾಯಿಯ ಕಾಲ ಮುಗಿದದ್ದಕ್ಕೆ ಮರುಗುವವರು ಈ ಪ್ರಶ್ನೆಯನ್ನು ಆ ಖಲಾಸಿಯ ಕಡೆಯಿಂದ ಒಮ್ಮೆ ಕೇಳಿಕೊಳ್ಳಬೇಕು.

ಜಾಂಜಿಬಾರಿನಲ್ಲಿ ಬೇರೆ ಬಗೆಯ ತಿರುವು ಬಂತು. 1964ರ ಜನವರಿ 12ರ ಕ್ರಾಂತಿಯಲ್ಲಿ ಸುಲ್ತಾನನ ಆಳ್ವಿಕೆ ಉರುಳಿತು. ಸಾವಿರಾರು ಜನ ಸತ್ತರು. ಅರಬರು, ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಊರು ಬಿಟ್ಟರು. ಅದೇ ವರ್ಷ ಏಪ್ರಿಲಿನಲ್ಲಿ ಜಾಂಜಿಬಾರ್ ತಾಂಗನಿಕದೊಡನೆ ಸೇರಿ ಮುಂದೆ ತಾಂಜಾನಿಯ ಎನಿಸಿತು. ವರ್ತಕರ ಮನೆಗಳು ಖಾಲಿಯಾದವು. ದೂರದ ಹಡಗುಗಳ ಬರವು ಇಳಿಯಿತು. ಉಳಿದ ಧೌಗಳಿಗೆ ಎಂಜಿನ್ ಬಂತು. ಎಂಜಿನ್ ಬಂದ ಮೇಲೆ ಗಾಳಿಗೆ ಕಾಯಬೇಕಾಗಿಲ್ಲ. ಕಾಯಬೇಕಾಗಿಲ್ಲದ ಮೇಲೆ ಊರಿನವರ ಒಡನಾಟವೂ ಬೇಕಾಗಿಲ್ಲ.

ಉಳಿದದ್ದು ಕಟ್ಟಡಗಳು. ಅವೂ ಸುಖವಾಗಿಲ್ಲ. 2020ರ ಡಿಸೆಂಬರ್ 25ರಂದು, ದುರಸ್ತಿ ನಡೆಯುತ್ತಿರುವಾಗಲೇ, ಅಚ್ಚರಿಗಳ ಮನೆಯ ಒಂದು ಭಾಗ ಗೋಪುರದೊಡನೆ ಕುಸಿದುಬಿತ್ತು. ವಿಲಿಯರ್ಸ್ 1982ರಲ್ಲಿ ತೀರಿಕೊಂಡ. ಅವನ ಛಾಯಾಚಿತ್ರಗಳು ಇಂಗ್ಲೆಂಡಿನ ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿವೆ. ಕುವೈತಿನ ನಾಣ್ಯಗಳ ಒಂದು ಬದಿಯಲ್ಲಿ ಇಂದಿಗೂ ಹಾಯಿಹಡಗಿನ ಚಿತ್ರವಿದೆ. ಆ ಹಡಗನ್ನು ನಡೆಸಿದವರು ಸಾಲದಲ್ಲೇ ಹುಟ್ಟಿ ಸಾಲದಲ್ಲೇ ಸತ್ತರೆಂಬುದನ್ನು ಮಾತ್ರ ನಾಣ್ಯ ಹೇಳುವುದಿಲ್ಲ.

ನಮ್ಮ ತೀರದ ಪಾಲು

ಈ ಕಥೆಯಲ್ಲಿ ನಮ್ಮ ತೀರದ ಪಾಲೂ ಇದೆ. ಮರವೇ ಬೆಳೆಯದ ಕುವೈತಿನಲ್ಲಿ ಅಂಥ ಹಡಗುಗಳನ್ನು ಕಟ್ಟಿದ್ದು ಯಾವ ಮರದಿಂದ? ಮಲಬಾರ್ ತೀರದಿಂದ ಹೋದ ತೇಗದಿಂದ. ಹಗ್ಗ ಇದೇ ತೀರದ ತೆಂಗಿನ ನಾರಿನದು. 1980ರಲ್ಲಿ ಟಿಮ್ ಸೆವೆರಿನ್ ಎಂಬ ಐರ್ಲೆಂಡ್‌ವಾಸಿ ಸಾಹಸಿ ಒಮಾನದ ಸೂರ್ ಬಂದರಿನಲ್ಲಿ ಹಳೆಯ ಪದ್ಧತಿಯಂತೆ, ಮೊಳೆ ಹೊಡೆಯದೆ, ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಹಡಗು ಕಟ್ಟಿಸಿದಾಗಲೂ ಮರಕ್ಕಾಗಿ ಬಂದದ್ದು ಮಲಬಾರಿಗೆ. ಅವನು ಆರಿಸಿದ ಮರ ನಮ್ಮ ಹೆಬ್ಬಲಸು.

ಮಂಗಳೂರಿನ ಹೆಂಚು ಇನ್ನೊಂದು ಸಾಕ್ಷಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಕೆಂಪು ಹೆಂಚು ಏಡನ್, ಬಸ್ರಾ, ಪೂರ್ವ ಆಫ್ರಿಕದ ಬಂದರುಗಳವರೆಗೂ ಹೋಯಿತು. ಅದನ್ನು ಹೊತ್ತೊಯ್ದವುಗಳಲ್ಲಿ ಹಾಯಿಹಡಗುಗಳೂ ಇದ್ದವು. ನೇತ್ರಾವತಿಯ ದಂಡೆಯ ಜೇಡಿಮಣ್ಣು, ಒಂದು ಗಾಳಿಯನ್ನು ಹಿಡಿದು ಹೋಗಿ, ಆಫ್ರಿಕದ ಮನೆಗಳ ಮಾಡಾಯಿತು. ಅದನ್ನು ಒಯ್ದ ಖಲಾಸಿಗಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಅವರ ಜತೆ ಬೆಂಚಿನ ಮೇಲೆ ಮಲಗಿ ಟಿಪ್ಪಣಿ ಮಾಡಿಕೊಂಡ ವಿಲಿಯರ್ಸ್ ಒಬ್ಬನೂ ಆ ಹಡಗುಗಳಿಗೆ ಸಿಗಲಿಲ್ಲ.

ಜಾಂಜಿಬಾರಿಗೆ ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಮಂಗಳೂರಿಗೆ ಹೋದವರು ತೋಟ ಬೆಂಗ್ರೆಯ ಕಡೆಯಿಂದ ಹಳೆ ಬಂದರಿಗೆ ಬರುವ ದೋಣಿಯನ್ನು ಹತ್ತಬಹುದು. ಕೆಲವೇ ನಿಮಿಷಗಳ ಹಾದಿ. ನಡುನೀರಿನಲ್ಲಿ ಒಮ್ಮೆ ಊರಿನ ಕಡೆ ನೋಡಿ. ಧಕ್ಕೆ, ಉಗ್ರಾಣಗಳು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು, ಹಿಂದೆ ಹೆಂಚಿನ ಮಾಡುಗಳು. ಇಲ್ಲಿ ಗಾಳಿಗಾಗಿ ಕಾದವರು ಯಾರು, ಅವರಿಗೆ ಅನ್ನ ಹಾಕಿದವರು ಯಾರು, ಅವರ ಸಾಲದ ಖಾತೆ ಯಾರ ಪೆಟ್ಟಿಗೆಯಲ್ಲಿತ್ತು ಎಂದು ದೋಣಿಯಿಂದ ಇಳಿದ ಮೇಲೆ ಬಂದರಿನ ಹಿರಿಯರನ್ನು ವಿಚಾರಿಸಿ. ಹೇಳಬಲ್ಲವರು ಇನ್ನೂ ಕೆಲವರು ಇದ್ದಾರು. ಅವರು ಇರುವಾಗಲೇ ಕೇಳುವುದು ಒಳ್ಳೆಯದು.